ಗೆಸಿನಾಳ ಅಡುಗೆಮನೆಯ ನೀರಿನ ಮಟ್ಟ

ತನ್ನ ಅಡುಗೆಮನೆ ಒಂದು ಕಾಲುವೆ ಎಂಬ ಸಂಗತಿ ಗೆಸಿನಾಳಿಗೆ ತಿಳಿದದ್ದು ಬಟಾಣಿ ಸೂಪು ಕುದಿಯುತ್ತಿದ್ದ ಹೊತ್ತಿಗೆ. ಮೊಬೈಲಿಗೆ ನೀರುಮಂಡಳಿಯ ಸಂದೇಶ ಬಂದಿತ್ತು. ನೀರು ಬಸಿದು ಪಡೆದ ನೆಲವಾಗಿ ಕಡಲಿಗಿಂತ ತಗ್ಗಿನಲ್ಲಿ ಕೂತಿರುವ ಕ್ರೋಸ್‌ಲಾಂಡ್ ಪೊಲ್ಡರಿನಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಎಲ್ಲ ಮನೆಗೂ ಬರುವ ಸಂದೇಶವೇ ಅದು: ನಿಮ್ಮ ಪಾಲಿನ ಕಾಲುವೆಯ ಕಳೆ ಕಿತ್ತು, ಹೂಳು ತೆಗೆದು, ತಪಾಸಣೆಗೆ ಸಿದ್ಧವಾಗಿಡಿ. ಗೆಸಿನಾ ಹಿತ್ತಲ ಕಾಲುವೆಯನ್ನು ಆಗಲೇ ತಲೆ ಬಾಚಿದ ಹಾಗೆ ಒಪ್ಪ ಮಾಡಿಟ್ಟಿದ್ದಳು. ಆದರೆ ಈ ಸಲ ಅವಳ ಹೆಸರಿನಲ್ಲಿ ಎರಡು ಕಾಲುವೆಗಳಿದ್ದವು.

ಎರಡನೆಯದನ್ನು ನಕ್ಷೆಯಲ್ಲಿ ನೀಲಿ ಗೆರೆ ಎಳೆದು ತೋರಿಸಿದ್ದರು. ಗೆಸಿನಾ ಮೊಬೈಲನ್ನು ತಿರುಗಿಸಿ ನೋಡಿದಳು, ಆಮೇಲೆ ತಾನೇ ತಿರುಗಿ ನೋಡಿದಳು. ಗೆರೆ ಹಿತ್ತಲಿಂದ ಬಂದು, ಪಾತ್ರೆ ತೊಳೆಯುವ ಜಾಗದಲ್ಲಿ ಗೋಡೆ ತೂರಿ, ಒಲೆಯ ಮೇಲೆ ಹಾದು, ಊಟದ ಮೇಜಿನಡಿ ನುಸುಳಿ, ಎದುರಿನ ಗೋಡೆಯಿಂದ ಹೊರಬಿದ್ದು ರಸ್ತೆ ಬದಿಯ ಕಾಲುವೆಯನ್ನು ಸೇರಿತ್ತು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸೂಪು ಕುಡಿಯುತ್ತಿದ್ದರು. ಗೆಸಿನಾ ಒಲೆ ಆರಿಸಿ, ಬಗ್ಗಿ ಮೇಜಿನ ಕೆಳಗೆ ನೋಡಿದಳು. ಆಯುಷ್ಯವೆಲ್ಲ ಮಕ್ಕಳಿಗೆ ಈಜು ಕಲಿಸಿದವಳು ಅವಳು. ಆ ಸೀಮೆಯಲ್ಲಿ ಬಟ್ಟೆ, ಬೂಟು ಹಾಕಿಕೊಂಡೇ ಈಜಿ ತೋರಿಸದೆ ಯಾವ ಮಗುವಿಗೂ ಈಜಿನ ಪದಕ ಕೊಡುವುದಿಲ್ಲ. ಬೀಳುವವರು ಬಟ್ಟೆ ಕಳಚಿಟ್ಟು ಬೀಳುತ್ತಾರೆಯೇ? ನೀರು ಎಲ್ಲಿ ಬೇಕಾದರೂ ಇರಬಹುದು ಎಂದು ನಂಬಿ ಬದುಕಿದ ಜೀವ. ಮೇಜಿನ ಕೆಳಗೆ ನೆಲ ಒಣಗಿತ್ತು. ಆದರೂ ಅವಳಿಗೆ ತನ್ನದೇ ಏನೋ ತಪ್ಪಿರಬೇಕು ಅನ್ನಿಸಿತು.

ಮೂವತ್ತು ವರ್ಷ ಅವಳು ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯಲಾಗದಷ್ಟು ಇಕ್ಕಟ್ಟಿನ ಅಡುಗೆಮನೆಯಲ್ಲಿ ಬೇಯಿಸಿದ್ದಳು. ನಿವೃತ್ತಿಯಾದ ಮೇಲೆ ಕಟ್ಟಿಸಿದ ಈ ಹೊಸ ಅಡುಗೆಮನೆ ಅವಳು ತನಗಾಗಿ ಬಯಸಿ ಪಡೆದ ಒಂದೇ ವಸ್ತು. ಎಂಟು ಜನ ಕೂರುವ ಮೇಜು ಹಾಕಿದ್ದಳು. ಎಂಟು ಜನ ಇನ್ನೂ ಕೂತಿರಲಿಲ್ಲ, ಅಷ್ಟೇ.

ಅವಳು ನೀರುಮಂಡಳಿಗೆ ಫೋನು ಮಾಡಿದಳು.

"ಮಿಸ್ ಗೆಸಿನಾ?" ಅತ್ತಲಿಂದ ಒಬ್ಬ ಗಂಡಸಿನ ದನಿ ಹಿಗ್ಗಿತು. "ನಾನು ಮೆನ್ನೊ, ಮಿಸ್! ನೀರಿನ ಮಟ್ಟದ ವಿಭಾಗದಲ್ಲಿದೀನಿ ಈಗ. ನಿಮ್ಮತ್ರಾನೇ ಈಜು ಕಲ್ತಿದ್ದು."

"ಬೂಟು ಕಳ್ಕೊಂಡು ಅತ್ತವನಲ್ವಾ ನೀನು?"

"ಅಯ್ಯೋ, ಅದೊಂದೇ ನೆನಪಿಟ್ಕೊಂಡಿದೀರಲ್ಲ."

"ಮೆನ್ನೊ, ನನ್ನ ಅಡುಗೆಮನೇಲಿ ಕಾಲುವೆ ಇದೆಯಂತೆ. ನಾನೇನಾದ್ರೂ ತಪ್ಪು ಮಾಡಿದೀನಾ?"

ಮೆನ್ನೊ ಅಂದೇ ಮಧ್ಯಾಹ್ನ ಬಂದ. ಮೂವತ್ತೈದು ದಾಟಿದ್ದ, ತಲೆ ಅರ್ಧ ಬೋಳಾಗಿತ್ತು, ಆದರೆ ಅವಳೆದುರು ನಿಂತಾಗ ಕಾಲುಗಳನ್ನು ಈಜುಕೊಳದ ಅಂಚಿನಲ್ಲಿ ನಿಂತ ಹಾಗೆ ಜೋಡಿಸಿಕೊಂಡೇ ನಿಂತ. ಮೇಜಿನ ಮೇಲೆ ತನ್ನ ಟ್ಯಾಬ್ ಇಟ್ಟು ಅವಳಿಗೆ ಅವಳಿಯನ್ನು ತೋರಿಸಿದ.

ಅವಳಿ ಎಂದರೆ ಮಂಡಳಿಯ ಗಣಕದೊಳಗಿನ ಇನ್ನೊಂದು ಕ್ರೋಸ್‌ಲಾಂಡ್. ಹೊರಗಿನ ಪೊಲ್ಡರಿನಲ್ಲಿರುವ ಪ್ರತಿ ಕಾಲುವೆ, ಪ್ರತಿ ಸೇತುವೆ, ಪ್ರತಿ ತೂಬು ಅದರೊಳಗೆ ತದ್ರೂಪು ಇತ್ತು. ಅಲ್ಲಲ್ಲಿ ನೆಟ್ಟ ಅಳತೆಯ ಪೆಟ್ಟಿಗೆಗಳು ನೀರು ಎಷ್ಟಿದೆ ಎಂದು ಅದಕ್ಕೆ ಗಳಿಗೆಗೊಮ್ಮೆ ವರದಿ ಒಪ್ಪಿಸುತ್ತಿದ್ದವು. ಅದು ಲೆಕ್ಕ ಹಾಕಿ ಪಂಪು ನಡೆಸುತ್ತಿತ್ತು, ತೂಬು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮೊದಮೊದಲು ಜನ ಅದನ್ನು ಅವಳಿ ಎನ್ನುತ್ತಿದ್ದರು. ಬರಬರುತ್ತ ಬಾಯಿ ತಿರುಗಿ ಅದು ಅವಳು ಆಯಿತು. ಅವಳು ಹೇಳಿದಳು, ಅವಳು ಒಪ್ಪಲಿಲ್ಲ, ಅವಳನ್ನು ಕೇಳಿ ನೋಡೋಣ.

"ನಿಮ್ಮ ಛಾವಣಿ, ಮಿಸ್," ಅಂದ ಮೆನ್ನೊ. "ಅದೇ ಎಡವಟ್ಟು."

ಹೊಸ ಅಡುಗೆಮನೆಯ ಛಾವಣಿ ಸಪಾಟಾಗಿತ್ತು. ಮಳೆನೀರನ್ನು ಒಂದೇ ಏಟಿಗೆ ಕಾಲುವೆಗೆ ಬಿಡದೆ ತಲೆಯ ಮೇಲೆ ಹಿಡಿದಿಟ್ಟುಕೊಳ್ಳುವ ಛಾವಣಿ ಕಟ್ಟಿಸಿ ಎಂದು ಬೆನ್ನು ಬಿದ್ದದ್ದೇ ಮಂಡಳಿ. ನೀರಿನ ಎತ್ತರ ಅಳೆಯಲು ಒಂದು ಬೂದು ಪೆಟ್ಟಿಗೆಯನ್ನು ತಾನೇ ತಂದು ಕೂರಿಸಿಯೂ ಹೋಗಿತ್ತು. ಇಡೀ ಪೊಲ್ಡರಿನಲ್ಲಿ ಆ ಮಾತು ಕೇಳಿದವಳು ಗೆಸಿನಾ ಒಬ್ಬಳೇ. ಹೋದ ಚಳಿಗಾಲದಲ್ಲಿ ನಕ್ಷೆ ತೆಗೆಯಲು ಹಾರಿದ ವಿಮಾನ ಹಿತ್ತಲಲ್ಲಿ ನೀರು ಕಂಡಿತು, ರಸ್ತೆ ಬದಿ ನೀರು ಕಂಡಿತು, ನಡುವೆ ಉದ್ದಕ್ಕೆ ಇನ್ನೊಂದು ನೀರು ಕಂಡಿತು. ಗಣಕದೊಳಗಿನ ಅವಳು ಮೂರನ್ನೂ ಸೇರಿಸಿ ಹೊಲಿದುಬಿಟ್ಟಳು.

"ಹಾಗಾದ್ರೆ ಅಳಿಸ್ಬಿಡಪ್ಪ."

"ಕೈಯಿಂದ ಅಳ್ಸೋ ಹಾಗಿಲ್ಲ, ಮಿಸ್. ಮುಂಚೆ ಅಳಿಸ್ತಿದ್ವಿ. ನಮ್ಮಲ್ಲೊಬ್ಬ ಸಿಟ್ಟು ಬಂದು ಅವರತ್ತೆ ಮನೇನ ಕೆರೆಯೊಳಗೆ ಹಾಕ್ಬಿಟ್ಟ. ಆವತ್ತಿಂದ ಯಾರೂ ಮುಟ್ಟೋ ಹಾಗಿಲ್ಲ. ಮತ್ತೆ ವಿಮಾನ ಹಾರ್ಬೇಕು, ಅವಳೇ ನೋಡ್ಬೇಕು."

"ಹಾರೋದ್ಯಾವಾಗ?"

"ಚಳಿಗಾಲದ ಕೊನೇಲಿ. ಅಷ್ಟರೊಳಗೆ ತಪಾಸಣೆ ಬರತ್ತಲ್ಲ, ಅದೇ ಚಿಂತೆ. ಕಾಲುವೆ ತಪಾಸಣೇಲಿ ಫೇಲಾದ್ರೆ ಮಂಡಳೀನೇ ಹೂಳೆತ್ತತ್ತೆ. ಯಂತ್ರ ಬರತ್ತೆ."

"ಎಲ್ಲಿಗೆ ಬರತ್ತೆ?"

"ಕಾಲುವೆಗೆ."

ಇಬ್ಬರೂ ಒಲೆಯ ಕಡೆ ನೋಡಿದರು.

"ಓಡ್ಸೋನಿಗೆ ಹೇಳಿದ್ರಾಯ್ತು. ಕಣ್ಣಿರಲ್ವಾ ಅವನಿಗೆ, ಗೋಡೆ ಕಾಣಲ್ವಾ?"

"ಓಡ್ಸೋರೇ ಇಲ್ಲ, ಮಿಸ್. ಅದೇ ಈಗಿನ ವಿಶೇಷ. ಅವಳು ದಾರಿ ತೋರಿಸ್ತಾಳೆ, ಅದು ಹೋಗತ್ತೆ." ಮೆನ್ನೊ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಮರೆತ, ಅದು ಮುರಿದು ಮುಳುಗಿತು. "ಇನ್ನೊಂದು ದಾರಿ ಇದೆ. ಕಾಲುವೆ ಮುಚ್ತೀನಿ ಅಂತ ಒಪ್ಪಿಗೆ ತಗೊಳ್ಳಿ. ದಡದವರೆಗೂ ಜೇಡಿಮಣ್ಣು ತುಂಬ್ಬೇಕು, ಅಷ್ಟೇ ಅಗಲದ ಹೊಂಡ ಬೇರೆ ಕಡೆ ತೋಡಿ ಕೊಡ್ಬೇಕು. ನೀರಿಗೆ ಜಾಗ ಕಮ್ಮಿ ಆಗ್ಬಾರ್ದಲ್ಲ."

"ದಡ ಅಂದ್ರೆ?"

"ಅವಳ ಲೆಕ್ಕದಲ್ಲಿ..." ಮೆನ್ನೊ ಮೇಲೆ ನೋಡಿದ. "ನಿಮ್ಮ ಸೂರು."

ಆ ರಾತ್ರಿ ಗೆಸಿನಾ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದವಳು ಮೇಜನ್ನು ಗೋಡೆಗೆ ಒತ್ತರಿಸಿದಳು, ನೀಲಿ ಗೆರೆ ಹಾದ ಜಾಗದಲ್ಲಿ ಏನೂ ಅಡ್ಡ ಇರದಂತೆ ನೋಡಿಕೊಂಡಳು, ರಬ್ಬರ್ ಬೂಟು ಹಾಕಿಕೊಂಡು ಕಾಫಿ ಮಾಡಿದಳು. ಹಾಕಿಕೊಂಡರೆ ಸಮಾಧಾನ, ಅಷ್ಟೇ.

ಕಾಫಿ ಇಳಿಯುವಷ್ಟರಲ್ಲಿ ಪಕ್ಕದ ಮನೆಯ ಏವರ್ಟ್ ಕಿಟಕಿ ಬಡಿದ. ಅರವತ್ತು ಹಸು ಕಟ್ಟಿದ ರೈತ, ದನಿ ತಗ್ಗಿಸಿ ಮಾತಾಡಿ ಗೊತ್ತಿಲ್ಲದವನು.

"ನೆರೆಯಮ್ಮಾ! ನನ್ನ ಹಸು, ಹದಿನೆಂಟನೇ ಬೆರ್ತಾ, ನಿನ್ನ ಕೋಸಿನ ಪಾತೀಲಿ ನಿಂತವಳೆ!"

"ಕಾಲುವೆ ದಾಟಿ ಹೇಗೆ ಬಂದ್ಳೋ?"

"ನಡ್ಕೊಂಡು ಬಂದ್ಳು! ಎಲ್ಲಿದೆ ಕಾಲುವೆ? ಬಂದು ನೋಡು, ಕೆಸರು ಬಿಟ್ರೆ ಇನ್ನೇನಿಲ್ಲ!"

ಕ್ರೋಸ್‌ಲಾಂಡಿನಲ್ಲಿ ಹುಲ್ಲುಗಾವಲುಗಳಿಗೆ ಬೇಲಿ ಇಲ್ಲ, ಕಾಲುವೆಯೇ ಬೇಲಿ. ನೀರು ಇಳಿದರೆ ಯಾರ ಹಸು ಯಾರ ಮನೆಗೆ ಬೇಕಾದರೂ ನೆಂಟರ ಹಾಗೆ ಹೋಗಬಹುದು. ಆಗಲೇ ಏವರ್ಟನ ಹಸುಗಳು ನಾಲ್ಕು ಮನೆಯ ತರಕಾರಿ ರುಚಿ ನೋಡಿದ್ದವು. ದೂರದಲ್ಲಿ ಪಂಪು ಹಗಲೂ ರಾತ್ರಿ ಗುಡುಗುತ್ತಿತ್ತು.

ಗೆಸಿನಾ ಮೆನ್ನೊಗೆ ಫೋನು ಮಾಡಿದಳು. ಮೆನ್ನೊ ಅವಳಿಯನ್ನು ವಿಚಾರಿಸಿ ವಾಪಸು ಫೋನು ಮಾಡಿದ; ಅವನ ದನಿ ಮುಳುಗಿ ನೀರು ಕುಡಿದವನ ಹಾಗಿತ್ತು.

"ಮಿಸ್, ಪೊಲ್ಡರಿನ ಎಲ್ಲಾ ಕಾಲುವೆಗಿಂತ ನಿಮ್ಮ ಅಡುಗೆಮನೆ ಕಾಲುವೆ ಒಂದೂವರೆ ಆಳು ಎತ್ತರದಲ್ಲಿದೆ. ಅದನ್ನ ಇಳಿಸ್ಬೇಕು ಅಂತ ಅವಳು ನೀರು ಎಳೀತಾನೇ ಇದಾಳೆ. ಎಷ್ಟೆಳೆದ್ರೂ ಅದೊಂದು ಇಳೀತಿಲ್ವಲ್ಲ, ಇನ್ನೂ ಜೋರಾಗಿ ಎಳೀತಾಳೆ."

"ಪಂಪು ಆರಿಸೋ, ಮೆನ್ನೊ!"

"ಆರಿಸೋ ಹಿಡೀನೇ ಕಿತ್ತಾಕಿದೀವಿ, ಮಿಸ್. ಮನುಷ್ಯರಿಂದ ತಪ್ಪಾಗ್ಬಾರ್ದು ಅಂತ."

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಏವರ್ಟ್ ಗೆಸಿನಾಳನ್ನು ಮೇಲಿಂದ ಕೆಳಗೆ ನೋಡಿದ. ಬೂಟಿನ ಮೇಲೆ ಅವನ ಕಣ್ಣು ನಿಂತಿತು. "ಅಂದ್ರೆ ನಿನ್ನ ತಲೆ ಮೇಲಿನ ನೀರಿಗಾಗಿ ನನ್ನ ಕಾಲ ಕೆಳಗಿನ ನೀರು ಹೋಯ್ತು. ಭೇಷ್. ಏಣಿ ಎಲ್ಲಿಟ್ಟಿದೀಯಾ?"

ಇಬ್ಬರೂ ಸೇರಿ ಛಾವಣಿಯನ್ನು ಬರಿದು ಮಾಡಿದರು. ಏವರ್ಟ್ ಮೇಲೆ ಕೂತು ಬಕೆಟಿನಲ್ಲಿ ಮೊಗೆದು ಕೊಟ್ಟ. ಗೆಸಿನಾ ಕೆಳಗೆ ಹಿಡಿದು ಕೋಸಿನ ಬುಡಕ್ಕೆ ಸುರಿದಳು. ಛಾವಣಿಯ ನೀರನ್ನು ಹಾಗೇ ಚೆಲ್ಲಬಾರದೆಂಬ ಮಂಡಳಿಯ ಷರತ್ತಿತ್ತು, ಅವಳಿಗೆ ನೆನಪಿತ್ತು. ಬೂದು ಪೆಟ್ಟಿಗೆಯ ಕೆಳಗೆ ನೀರು ತೀರಿ ತಳ ಕಂಡ ಮೇಲೆ ದೂರದ ಪಂಪು ಒಮ್ಮೆ ಬಿಕ್ಕಿ ನಿಂತಿತು. ಏವರ್ಟ್ ಛಾವಣಿಯ ಮೇಲೇ ಎದ್ದು ನಿಂತು ಟೋಪಿ ಬೀಸಿದ. ಗೆಸಿನಾಳಿಗೂ ನಗು ಬಂತು. ಎಷ್ಟೋ ದಿನದಿಂದ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಟೀನೆಕೆ ದೋಣಿಯಲ್ಲಿ ಬಂದಳು. ಟೀನೆಕೆ ರಸ್ತೆಯ ಆಚೆ ಬದಿಯವಳು. ಹುಲ್ಲುಗಾವಲಿನ ಹಕ್ಕಿಗಳನ್ನು ಎಣಿಸುವುದು, ಅವುಗಳ ಗೂಡು ಕಾಯುವುದು ಅವಳ ವ್ರತ. ರಸ್ತೆ ಎಲ್ಲಿತ್ತೋ ಅಲ್ಲಿಂದಲೇ ಹುಟ್ಟು ಹಾಕಿಕೊಂಡು ಬಂದು ಗೆಸಿನಾಳ ಗೇಟಿಗೆ ಹಗ್ಗ ಕಟ್ಟಿದಳು. ಅವಳ ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು.

"ಗೆಸಿನಾ, ಏನ್ಮಾಡ್ದೆ ಮಾರಾಯ್ತಿ! ನನ್ನ ಮಲಗೋ ಕೋಣೆಗೆ ಬಾತುಕೋಳಿ ಬಂದಿದಾವೆ! ಹತ್ತು ವರ್ಷದಿಂದ ನೀರು ಏರಿಸಿ, ಏರಿಸಿ ಅಂತ ಮಂಡಳಿ ಮುಂದೆ ಬಾಯಿ ಬಡ್ಕೊಂಡೆ, ಯಾರೂ ಕೇಳಲಿಲ್ಲ. ನೀನು ಒಂದೇ ರಾತ್ರೀಲಿ ಮಾಡ್ಬಿಟ್ಯಲ್ಲೇ!"

ಏವರ್ಟ್ ಆಚೆ ದಿಬ್ಬದ ಮೇಲೆ ಅರವತ್ತು ಹಸುಗಳ ನಡುವೆ ಒತ್ತಾಗಿ ನಿಂತು ಕಿರುಚುತ್ತಿದ್ದ. ಏನೆಂದು ಕೇಳಿಸುತ್ತಿರಲಿಲ್ಲ, ಆದರೆ ಅವಳ ಹೆಸರು ಮಾತ್ರ ಸ್ಪಷ್ಟವಾಗಿತ್ತು.

ಮೆನ್ನೊ ಸೊಂಟದ ತನಕ ಬರುವ ರಬ್ಬರ್ ಬೂಟು ತೊಟ್ಟು ಬಂದ. "ಛಾವಣಿ ಒಣಗ್ತಲ್ಲ, ಮಿಸ್," ಅಂದ, ಹೊಸಿಲ ಮೇಲೆ ನೀರು ಬಸಿಯುತ್ತ. "ಕಾಲುವೆ ಬತ್ತಿಹೋಯ್ತು ಅಂತ ಗಾಬರಿಯಾಗಿ ಅವಳು ನದಿ ಕಡೆ ತೂಬೆಲ್ಲಾ ತೆಗೆದ್ಬಿಟ್ಲು. ನಿಮ್ಮ ಛಾವಣಿ ತುಂಬೋವರೆಗೂ ನಿಲ್ಸಲ್ಲ ಅಂತ ಕೂತಿದಾಳೆ."

"ನದಿ ನೀರಿಂದ? ನನ್ನ ಛಾವಣಿ?"

"ಹೂಂ."

"ಅಷ್ಟೊತ್ತಿಗೆ ನಾವೆಲ್ಲಿರ್ತೀವೋ?"

ಮೆನ್ನೊ ಏಣಿಯ ಕಡೆ ನೋಡಿದ. ಅವನು ಒಳ್ಳೆಯ ಈಜುಗಾರನೇನೂ ಆಗಿರಲಿಲ್ಲ.

ಗೆಸಿನಾ ಏಣಿ ಹತ್ತಿದಳು. ಮೆನ್ನೊ, ಟೀನೆಕೆ ಕೆಳಗಿನಿಂದ ಬಕೆಟು ಕೊಟ್ಟರು; ನೀರಿಗೇನೂ ಬರವಿರಲಿಲ್ಲ, ಬಾಗಿಲಲ್ಲೇ ಮೊಗೆದರಾಯಿತು. ಟೀನೆಕೆ ಮಾತ್ರ ಪ್ರತಿ ಬಕೆಟಿಗೂ ಮುಖ ಸಣ್ಣ ಮಾಡಿಕೊಂಡು, "ಪಾಪ, ಬಾತುಕೋಳಿಗಳು" ಎನ್ನುತ್ತಿದ್ದಳು. ಬೂದು ಪೆಟ್ಟಿಗೆಗೆ ನೀರು ಮುಟ್ಟಿದ್ದೇ ತೂಬು ಮುಚ್ಚಿತು. ಅರ್ಧ ಗಂಟೆ ಕಳೆದದ್ದೇ, ಅಡುಗೆಮನೆಯ ನೀರು ಮತ್ತೆ ಎತ್ತರವಾಯಿತೆಂದು, ಪಂಪು ಗುಡುಗಲು ಶುರುವಾಯಿತು.

"ಇಡೀ ಪೊಲ್ಡರನ್ನ ನಿಮ್ಮ ಛಾವಣಿಗೆ ಹಗ್ಗ ಹಾಕಿ ಕಟ್ಟಿದ ಹಾಗಿದೆ," ಅಂದ ಮೆನ್ನೊ. ಮೆಚ್ಚುಗೆಯೋ ದುಃಖವೋ ತಿಳಿಯಲಿಲ್ಲ.

ತಪಾಸಣೆಯ ದಿನ ಬಂತು. ಗೆಸಿನಾ ನೆಲವನ್ನು ಮೂರು ಸಲ ಒರೆಸಿದ್ದಳು. ಇವತ್ತು ಫೇಲಾದರೆ ಯಂತ್ರ ಬಂದು ಅಡುಗೆಮನೆಯನ್ನು ಹೂಳಿನ ಜೊತೆ ಎತ್ತಿಕೊಂಡು ಹೋಗುತ್ತದೆ ಎಂಬ ಯೋಚನೆಯಲ್ಲಿ ನಾಲ್ಕನೆಯ ಸಲಕ್ಕೆ ಬಟ್ಟೆ ಹಿಂಡುತ್ತಿದ್ದಳು. ಮಂಡಳಿಯ ಹಿರಿತಲೆಯನ್ನು ಆ ಸೀಮೆಯಲ್ಲಿ ಡೈಕ್‌ಗ್ರಾಫ್ ಎನ್ನುತ್ತಾರೆ; ಈ ಸಲ ಖುದ್ದು ಅವರೇ ಬಂದರು. ಬೆಳ್ಳಿಕೂದಲಿನ ಎತ್ತರದ ಹೆಂಗಸು, ಕೋಟಿನ ಮೇಲೆ ಅಧಿಕಾರದ ಸರ, ಕೈಯಲ್ಲಿ ಹಿಂದಿನ ಕಾಲದ ಮರದ ಅಳತೆಗೋಲು. ಹಿಂದೆ ಮೆನ್ನೊ. ಅವನ ಹಿಂದೆ, ಕರೆಯದಿದ್ದರೂ, ಏವರ್ಟ್ ಮತ್ತು ಟೀನೆಕೆ.

ಡೈಕ್‌ಗ್ರಾಫ್ ಬೂಟು ಕಳಚಲು ಬಗ್ಗಿದವರು, ಕಾಲುವೆಗೆ ಬೂಟು ಕಳಚುವ ಪದ್ಧತಿ ಇಲ್ಲವೆಂದು ನೆನಪಾಗಿ ಹಾಗೇ ಒಳಗೆ ಬಂದರು. ಒಲೆಯ ಮುಂದೆ ಕೋಲನ್ನು ಇಳಿಬಿಟ್ಟರು. ಅದು ನೆಲದ ಟೈಲಿಗೆ ತಾಗಿ ಟಕ್ ಎಂದಿತು.

"ಹೂಳಿಲ್ಲ," ಅಂದರು ಮೆನ್ನೊನ ಟ್ಯಾಬಿನ ಕಡೆ ನೋಡಿ.

ಮೆನ್ನೊ ಒತ್ತಿಕೊಂಡ.

"ಕಿಟಕೀಲಿ ಅದೇನು?"

"ತುಳಸಿ ಜಾತೀದು, ಸೂಪಿಗೆ ಹಾಕೋದು," ಅಂದಳು ಗೆಸಿನಾ, ಹೆದರಿ.

"ದಡದ ಗಿಡ. ಇರ್ಲಿ, ಒಳ್ಳೇದು. ಆ ಮೇಜು?"

"ಸೇತುವೆ ಅಂತ ಬರ್ಕೊಳ್ಳೋಣ್ವಾ?" ಮೆನ್ನೊ ಪಿಸುಗುಟ್ಟಿದ.

"ದೋಣಿ ಹೋಗ್ಬೇಕಲ್ಲಪ್ಪ ಕೆಳಗೆ." ಡೈಕ್‌ಗ್ರಾಫ್ ಬಗ್ಗಿ ಮೇಜಿನಡಿ ಅಳೆದು ನೋಡಿದರು. "ಸಣ್ಣ ದೋಣಿ ಹೋಗತ್ತೆ. ಹೂಂ. ಎಲ್ಲಾ ಸರಿ. ಆದ್ರೆ ಮಟ್ಟ? ಒಂದೂವರೆ ಆಳು ಎತ್ತರ! ಇದನ್ನ ಹೇಗಮ್ಮಾ ಪಾಸು ಮಾಡ್ಲಿ? ಸರಿಯಾದ ಮಟ್ಟಕ್ಕೆ ತಂದಿಲ್ವಲ್ಲ ನೀವು."

ಇದು ಕಾಲುವೆಯಲ್ಲ, ಅಡುಗೆಮನೆ ಎಂದು ಗೆಸಿನಾ ಈಗ ಹೇಳಬಹುದಿತ್ತು. ಹೇಳಬೇಕೆಂದೇ ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದಳು. ಆದರೆ ತಪ್ಪು ತನ್ನದಿರಬಹುದೆಂಬ ಅವಳ ಹಳೆಯ ಚಾಳಿ ಅಡ್ಡ ಬಂತು. ತಂದಿಲ್ಲವಲ್ಲ ಎಂದಾಗ, ಯಾವ ಮಟ್ಟಕ್ಕೆ ತರಬೇಕಿತ್ತು ಎಂದು ತನಗೆ ಗೊತ್ತೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

"ಕ್ಷಮಿಸಿ," ಅಂದಳು. "ನನ್ನ ಕಾಲುವೇದು ಸರಿಯಾದ ಮಟ್ಟ ಎಷ್ಟು? ನನಗ್ಯಾರೂ ಹೇಳಿಲ್ಲ."

"ಅಯ್ಯೋ, ಅದಿರತ್ತೆ. ಮೆನ್ನೊ, ಹೇಳಿ ಅವ್ರಿಗೆ."

ಮೆನ್ನೊ ಹುಡುಕಿದ. ಮತ್ತೆ ಹುಡುಕಿದ. ಅವನ ಕಿವಿಗಳು ಕೆಂಪಾದವು. "ಇಲ್ಲ, ಮೇಡಂ. ಇದಕ್ಕೆ ಮಟ್ಟಾನೇ ಗೊತ್ತು ಮಾಡಿಲ್ಲ. ಪಕ್ಕದ ಕಾಲುವೇದನ್ನೇ ಅವಳು ತಗೊಂಡುಬಿಟ್ಟಿದಾಳೆ."

ಡೈಕ್‌ಗ್ರಾಫ್ ಗೋಡೆಗೆ ಕೈ ಕೊಟ್ಟು ನಿಂತರು. ಅಡುಗೆಮನೆಯಲ್ಲಿ ಕಾಲುವೆ ಇದೆ ಎಂದಾಗ ಅವರ ಹುಬ್ಬು ಸಹ ಅಲುಗಿರಲಿಲ್ಲ. ಈಗ ಮುಖದ ರಕ್ತವೇ ಇಳಿದುಹೋಗಿತ್ತು. "ಮಟ್ಟ ಇಲ್ಲದ ಕಾಲುವೆ," ಅಂದರು ಮೆಲ್ಲಗೆ. "ನಮ್ಮ ಮಂಡಳೀಲಿ. ಏಳುನೂರು ವರ್ಷದಿಂದ ಇರೋ ಮಂಡಳೀಲಿ. ಯಾರಿಗೂ ಹೇಳ್ಬೇಡಿ."

"ಹೇಳಲ್ಲ," ಅಂದ ಏವರ್ಟ್ ಪೊಲ್ಡರಿಗೆಲ್ಲ ಕೇಳುವ ಹಾಗೆ.

"ಕೂತ್ಕೊಳ್ಳಿ ಎಲ್ರೂ. ಈಗಲೇ ಗೊತ್ತು ಮಾಡೋಣ. ಸಂಬಂಧಪಟ್ಟೋರ ಮಾತು ಕೇಳ್ದೆ ಮಟ್ಟ ಗೊತ್ತು ಮಾಡೋ ಹಾಗಿಲ್ಲ. ಯಾರ್ಯಾರಿಗೆ ಸಂಬಂಧ ಇದೆ?"

ಎಲ್ಲರಿಗೂ ಇತ್ತು. ಸುದ್ದಿ ಹೋಗಿ ಇನ್ನೂ ನಾಲ್ವರು ಬಂದರು. ಗೆಸಿನಾ ಮೇಜನ್ನು ಗೋಡೆಯಿಂದ ಎಳೆದು ನಡುವಿಗೆ ತಂದಳು. ಎಲ್ಲರಿಗೂ ಕಾಫಿ, ಜೊತೆಗೆ ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಟ್ಟಳು. ಏವರ್ಟ್ ಮಟ್ಟ ಇಳಿಸಬೇಕೆಂದ; ನೆಲ ಮೆತ್ತಗಾದರೆ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಟೀನೆಕೆ ಏರಿಸಬೇಕೆಂದಳು; ನೆಲ ಗಟ್ಟಿಯಾದರೆ ಹಕ್ಕಿ ಕೊಕ್ಕು ಇಳಿಯುವುದಿಲ್ಲ.

"ನಿನ್ನ ಹಕ್ಕಿ ಹಾಲು ಕೊಡತ್ತಾ?"

"ನಿನ್ನ ಹಸು ಆಫ್ರಿಕಾದಿಂದ ಹಾರ್ಕೊಂಡು ಬರತ್ತಾ?"

"ಬಂದ್ರೂ ಬರತ್ತೆ, ಕಾಲುವೆ ಹೀಗೇ ಖಾಲಿ ಬಿಟ್ರೆ!"

ಬೆಳಕು ಇಳಿಯುವ ತನಕ ನಡೆಯಿತು. ಕೊನೆಗೆ ಡೈಕ್‌ಗ್ರಾಫ್ ಒಂದು ದಾರಿ ಹೇಳಿದರು. ಮರದ ಗೂಟದ ಮೇಲೆ ನಿಂತ ಹಳೆಯ ಮನೆಗಳ ಸುತ್ತ, ಗೂಟ ಕೊಳೆಯದಿರಲೆಂದು, ಉಳಿದ ನೀರಿಗಿಂತ ಎತ್ತರದ ಕಾಲುವೆ ಇಟ್ಟುಕೊಳ್ಳುವುದುಂಟು. ಇದೂ ಹಾಗೊಂದು ಎತ್ತರದ ಕಾಲುವೆ ಎಂದಾಗಲಿ. ಛಾವಣಿಯ ಮೇಲೆ ಇಂದು ಎಷ್ಟು ನೀರು ನಿಂತಿದೆಯೋ ಅದೇ ಅದರ ಸರಿಯಾದ ಮಟ್ಟ. ಆಗ ಗಣಕದೊಳಗಿನ ಅವಳಿಗೆ ಏರಿಸುವ ಹಟವೂ ಇಲ್ಲ, ಇಳಿಸುವ ಹಟವೂ ಇಲ್ಲ.

"ಆದ್ರೆ ಒಂದು ಮಾತು," ಅಂದರು ಗೆಸಿನಾಳ ಕಡೆ ತಿರುಗಿ. "ಒಪ್ಕೊಂಡ್ರೆ ಇದು ಕಾಲುವೇನೇ. ವಿಮಾನ ಹಾರಿದ್ರೂ ಅಳಿಸೋ ಹಾಗಿಲ್ಲ. ವರ್ಷಾ ವರ್ಷಾ ತಪಾಸಣೆ ಇರತ್ತೆ, ಮಟ್ಟ ಕಾಯೋ ಜವಾಬ್ದಾರಿ ನಿಮ್ದೇ. ಯಂತ್ರ ಮಾತ್ರ ಬರಲ್ಲ. ಏನಂತೀರಿ?"

ಗೆಸಿನಾ ಅಡುಗೆಮನೆಯನ್ನು ನೋಡಿದಳು. ಒಲೆಯ ಪಕ್ಕ ಮೆನ್ನೊ ಮುಳುಗಿದ ಇನ್ನೊಂದು ಬಿಸ್ಕತ್ತನ್ನು ಚಮಚದಲ್ಲಿ ಹುಡುಕುತ್ತಿದ್ದ. ಕುರ್ಚಿಗಳೆಲ್ಲ ತುಂಬಿದ್ದವು. ಅವಳಿಗೇ ಕೂರಲು ಜಾಗವಿರಲಿಲ್ಲ.

"ಕಾಲುವೆ ಅಂತಾನೇ ಇರ್ಲಿ," ಅಂದಳು.

ಮೆನ್ನೊ ಒತ್ತಿಕೊಂಡ. ಹೊರಗೆ ಪಂಪಿನ ಗುಡುಗು ನಿಂತಿತು, ಮತ್ತೆ ಶುರುವಾಗಲಿಲ್ಲ.

ಚಳಿಗಾಲ, ವಸಂತ ಸುಸೂತ್ರವಾಗಿ ಕಳೆದವು. ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಛಾವಣಿಯ ನೀರು ಬಿಸಿಲಿಗೆ ಇಳಿದಂತೆಲ್ಲ ಗೆಸಿನಾ ಗಿಡಕ್ಕೆ ಹನಿಸುವ ಕ್ಯಾನು ಹಿಡಿದು ಏಣಿ ಹತ್ತಬೇಕಾಯಿತು. ಒಂದು ಕ್ಯಾನು ಕಡಿಮೆಯಾದರೆ ನದಿಯ ತೂಬು ಸಂದಿಯಷ್ಟು ತೆರೆದುಕೊಂಡು ಟೀನೆಕೆಯ ಹುಲ್ಲುಗಾವಲು ಮೆತ್ತಗಾಗುತ್ತಿತ್ತು. ಒಂದು ಕ್ಯಾನು ಹೆಚ್ಚಾದರೆ ಪಂಪು ಎಚ್ಚೆತ್ತು ಏವರ್ಟನ ಟ್ರ್ಯಾಕ್ಟರಿಗೆ ನೆಲ ಸಿಗುತ್ತಿತ್ತು. ಇದು ಇಬ್ಬರಿಗೂ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಬೆಳಗಾದರೆ ಒಬ್ಬ ಹಾಲು ತರುವ ನೆಪದಲ್ಲಿ ಬಂದು ಮೇಜಿನ ಮುಂದೆ ಕೂರುತ್ತಿದ್ದ, ಇನ್ನೊಬ್ಬಳು ಹಕ್ಕಿಯ ಸುದ್ದಿ ಹೇಳುವ ನೆಪದಲ್ಲಿ. ಮೆನ್ನೊ ಮಾತ್ರ ಯಾವ ನೆಪವೂ ಇಲ್ಲದೆ ಸೂಪಿಗೇ ಬರುತ್ತಿದ್ದ.

ಆಗಸ್ಟಿನ ಒಂದು ಬೆಳಿಗ್ಗೆ ಗೆಸಿನಾ ಛಾವಣಿಯ ಅಂಚಿನಲ್ಲಿ ಕ್ಯಾನು ಹಿಡಿದು ನಿಂತಿದ್ದಳು.

"ಪೂರ್ತಿ ಸುರಿ, ನೆರೆಯಮ್ಮಾ! ಹುಲ್ಲು ಕೊಯ್ಬೇಕು ನಾನಿವತ್ತು!"

"ಒಂದು ಹನೀನೂ ಬೇಡ ಕಣೇ! ಮರಿ ಇನ್ನೂ ಹಾರಿಲ್ಲ! ಪಾಪ ಬರತ್ತೆ ನಿನಗೆ!"

ಗೆಸಿನಾಳಿಗೆ ಮಂಡಳಿಗೆ ಫೋನು ಮಾಡಿ ಸರಿ ಯಾವುದೆಂದು ಕೇಳುವ ಆಸೆಯಾಯಿತು. ಮೊಬೈಲು ಕೆಳಗೆ ಮೇಜಿನ ಮೇಲಿತ್ತು. ಅವಳು ಬೂದು ಪೆಟ್ಟಿಗೆಯನ್ನು ನೋಡಿದಳು, ಹೊಲವನ್ನು ನೋಡಿದಳು, ಕೆಳಗಿದ್ದ ಎರಡು ಕೆಂಪು ಮುಖಗಳನ್ನು ನೋಡಿದಳು. ಆಮೇಲೆ ಅರ್ಧ ಕ್ಯಾನು ಸುರಿದಳು.

ಕೆಳಗಿನಿಂದ ಇಬ್ಬರೂ ಒಂದೇ ಉಸಿರಿಗೆ ಬೈದರು. ಒಬ್ಬರ ಬೈಗುಳ ಇನ್ನೊಬ್ಬರದಕ್ಕಿಂತ ಜೋರಿದೆಯೇ ಎಂದು ಗೆಸಿನಾ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಸರಿಸಮವಾಗಿತ್ತು. ಮಟ್ಟ ಸರಿಯಿದೆ ಎಂದುಕೊಂಡು, ಉಳಿದರ್ಧವನ್ನು ಹಿಡಿದು ಜೋಪಾನವಾಗಿ ಏಣಿ ಇಳಿದಳು.